ಇಂಟೆಲಿಜೆನ್ಸ್‌ನೋರು ಬಂದವ್ರೆ!

ತಲೆ ತಗ್ಗಿಸುವಂಥ ಪ್ರಸಂಗ ಕೆಲವರಿಗೆ ವರ್ಷಕ್ಕೊಮ್ಮೆ ಆಗುತ್ತೆ. ನನಗೆ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊರಟ ದಿನವೆಲ್ಲ ಆಗುತ್ತೆ.

ಮನೆ ಶ್ರೀರಂಗಪಟ್ಟಣ, ಕೆಲಸ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಮಾರಾಟದ್ದು. ನಾವು ಮಾರುವುದಕ್ಕೆ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂದು ಹೆಸರು. ವ್ಯಾಪಾರ ಹೇಗೆ ನಡೆಯುತ್ತಿದೆ ಅನ್ನುವುದನ್ನು ಬಣ್ಣಬಣ್ಣದ ಚಿತ್ರ ಮಾಡಿ, ಟೀವಿಯಂಥ ದೊಡ್ಡ ಪರದೆಯಲ್ಲಿ ತೋರಿಸುವುದು, ಅಷ್ಟೇ. ಬೆಂಗಳೂರನ್ನೆಲ್ಲ ಬೇರೆ ಕಂಪನಿಗಳು ಹಂಚಿಕೊಂಡು ಮುಗಿಸಿದ್ದರಿಂದ ನಮ್ಮ ದೊಡ್ಡ ಸಾಹೇಬರು ಹೊಸ ತಂತ್ರ ಹೂಡಿದರು. ತಾಲ್ಲೂಕುಗಳಿಗೆ ನುಗ್ಗಿ, ಪರದೆ ಪುಕ್ಕಟೆ ಕೊಡಿ, ರೂಢಿಯಾದ ಮೇಲೆ ದುಡ್ಡು ಕೇಳಿ. ಪರದೆ ಎಷ್ಟು ಹೊತ್ತು ಉರಿಯುತ್ತೋ ಗಿರಾಕಿ ಅಷ್ಟು ಹೊತ್ತು ಬಳಸಿದ ಹಾಗೆ ಎಂದು ಕಂಪನಿಯ ಲೆಕ್ಕ. ದೀಪಾವಳಿಯೊಳಗೆ ನಮ್ಮ ಕಡೆ ಒಬ್ಬರಾದರೂ ದಿನಾ ಬಳಸದಿದ್ದರೆ ನನ್ನ ಕೆಲಸ ಹೋಗುತ್ತೆ ಎಂದು ಬೆಂಗಳೂರಿನ ಮ್ಯಾನೇಜರು ನಗುನಗುತ್ತಲೇ ಹೇಳಿದರು.

ಬೆಲ್ಲ

ಮೊದಲು ಹೋದದ್ದು ಕೆ.ಆರ್. ಪೇಟೆ ಕಡೆಯ ಒಂದು ಆಲೆಮನೆಗೆ. ಕೊಪ್ಪರಿಗೆ ಕುದಿಯುತ್ತಿತ್ತು. ಯಜಮಾನರಿಗೆ ನನ್ನ ಕಾರ್ಡು ಕೊಟ್ಟೆ. ಅವರು ‘ಇಂಟೆಲಿಜೆನ್ಸ್’ ತನಕ ಓದಿದರು, ಮುಂದೆ ಓದಲಿಲ್ಲ.

“ಲೇ, ಇಂಟೆಲಿಜೆನ್ಸ್‌ನೋರು ಬಂದವ್ರೆ! ಆ ಸಕ್ಕರೆ ಮೂಟೆ ಎತ್ಲಾ ಅತ್ಲಾಗೆ!”

ಅವರು ಬೆಲ್ಲಕ್ಕೆ ಸಕ್ಕರೆ ಬೆರೆಸುತ್ತಾರೆ ಎಂದು ನನಗೆ ಗೊತ್ತಾದದ್ದೇ ಆಗ. ಆಳುಗಳು ಮೂಟೆಗಳ ಮೇಲೆ ಕಬ್ಬಿನ ಸಿಪ್ಪೆ ಸುರಿದರು. ಯಜಮಾನರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎಳನೀರು ಕೆತ್ತಿಸಿ ಕೊಟ್ಟು, ಒಂದು ಚೀಲ ಬೆಲ್ಲ ತರಿಸಿ ನನ್ನ ಬೈಕಿಗೆ ಕಟ್ಟಿಸಿದರು.

“ಎಲ್ರೂ ಆಕ್ತಾರೆ ಸಾರ್. ನನ್ನೊಬ್ಬುನ್ನೇ ಇಡ್ಕೋಬ್ಯಾಡಿ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಯಜಮಾನ್ರೇ, ನಾನು ಸರ್ಕಾರದೋನಲ್ಲ. ಸಾಫ್ಟ್‌ವೇರ್ ಮಾರೋಕೆ ಬಂದಿದ್ದೀನಿ” ಎಂದೆ.

“ಅಂಗಾದ್ರೆ ನಿಮ್ ಕೈಲಿ ನಂಗೇನೂ ಮಾಡಕ್ಕಾಗಲ್ವಾ?”

“ಏನೂ ಆಗಲ್ಲ.”

“ಲೇ, ಆ ಬೆಲ್ಲ ಬಿಚ್ಲಾ” ಎಂದರು. ಎಳನೀರು ಅರ್ಧ ಕುಡಿದಿದ್ದೆ. ಉಳಿದದ್ದನ್ನು ಅಲ್ಲೇ ಇಟ್ಟು ಬಂದೆ.

ಭವಿಷ್ಯ

ನಮ್ಮ ಪರದೆ ಮುಂದಿನ ತಿಂಗಳ ವ್ಯಾಪಾರವನ್ನೂ ಊಹಿಸುತ್ತೆ. ಹಾಗೆಂದರೆ ಜನಕ್ಕೆ ತಿಳಿಯಲ್ಲ, ‘ಭವಿಷ್ಯ ಹೇಳುತ್ತೆ’ ಅನ್ನಿ ಎಂದು ಮ್ಯಾನೇಜರು ಕಲಿಸಿದ್ದರು. ಪಾಂಡವಪುರದ ಬಟ್ಟೆ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ತೆರೆದು ಅದನ್ನೇ ಗಟ್ಟಿಯಾಗಿ ಅಂದೆ.

ಒಳಗಿದ್ದ ಮಾಲೀಕನ ತಾಯಿ ಕೇಳಿಸಿಕೊಂಡರು. ಎಲೆ ಅಡಿಕೆ ತಟ್ಟೆ ಹಿಡಿದು ಬಂದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, “ನನ್ ಮೊಮ್ಮಗಳಿಗೆ ಕಂಕಣ ಯಾವಾಗ ಕೂಡಿಬತ್ತದೆ, ಕೇಳಪ್ಪ” ಎಂದರು.

“ಅಜ್ಜಿ, ಇದಕ್ಕೆ ಮದುವೆ ವಿಷಯ ತಿಳಿಯಲ್ಲ. ವ್ಯಾಪಾರ ಆಗುತ್ತೋ ಇಲ್ವೋ ಅಂತ ಮಾತ್ರ ಹೇಳುತ್ತೆ.”

ಅಜ್ಜಿ ಗಲ್ಲಾದಲ್ಲಿ ಆಕಳಿಸುತ್ತಿದ್ದ ಮಗನ ಕಡೆ ತಿರುಗಿದರು. “ಅದುಕ್ಕೆ ಇದ್ಯಾಕೆ? ಇವನ್ ಮಕ ನೋಡುದ್ರೆ ಗೊತ್ತಾಯ್ತದೆ.”

ಸೀರೆ ನೋಡುತ್ತಿದ್ದ ಹೆಂಗಸರೆಲ್ಲ ನಕ್ಕರು. ಮಾಲೀಕ ನನ್ನನ್ನೇ ದುರುಗುಟ್ಟಿ ನೋಡಿದ. ಲ್ಯಾಪ್‌ಟಾಪಿನ ಸಂದಿಗೆ ಹೋದ ಕುಂಕುಮ ಇನ್ನೂ ಬಂದಿಲ್ಲ.

ಸೌಂಡು

ನಾಗಮಂಗಲ ತಾಲ್ಲೂಕಿನ ಹೊಣಕೆರೆಯಲ್ಲಿ ಗೊಬ್ಬರದ ಅಂಗಡಿಯವರೊಬ್ಬರು ಒಂದೇ ಮಾತಿಗೆ ಒಪ್ಪಿದರು. “ಪುಕ್ಕಟೆ ತಾನೆ? ತಗುಲಾಕಿ” ಎಂದರು. ತಗುಲಿಹಾಕಿ ಬಂದೆ.

ದೀಪಾವಳಿಗೆ ಮುಂಚೆ ಮ್ಯಾನೇಜರ ಫೋನು. ಇಡೀ ರಾಜ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿಯುವ ಪರದೆ ಹೊಣಕೆರೆಯದಂತೆ! ಕೆಲಸ ಉಳಿಯಿತು ಎಂದು ನನ್ನ ಹೆಂಡತಿ ಪಾಯಸ ಮಾಡಿದಳು. ದೊಡ್ಡ ಸಾಹೇಬರು ಈ ಗಿರಾಕಿಯ ಜೊತೆ ವೀಡಿಯೊದಲ್ಲಿ ತಾವೇ ಮಾತಾಡಬೇಕು ಅಂದರು. ನಾನು ಅಂಗಡಿಗೆ ಹೋಗಿ, ಲ್ಯಾಪ್‌ಟಾಪ್ ಮುಂದೆ ಗೊಬ್ಬರದವರ ಪಕ್ಕದಲ್ಲಿ ದುಭಾಷಿಯಾಗಿ ಕೂತೆ.

ನಮ್ಮದರಲ್ಲಿ ನಿಮಗೆ ಬಹಳ ಹಿಡಿಸಿದ್ದು ಯಾವುದು ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

“ಸೌಂಡು” ಎಂದರು ಗೊಬ್ಬರದವರು. “ಸೌಂಡು ಬೋ ಚೆನ್ನಾಗದೆ.”

ನಮ್ಮ ಚಿತ್ರಗಳಿಗೆ ಸೌಂಡೇ ಇಲ್ಲ. ತಿರುಗಿ ನೋಡಿದರೆ ಪರದೆಯ ಹಿಂದಿನಿಂದ ಕೇಬಲ್ ಟೀವಿಯ ವೈರು ನೇತಾಡುತ್ತಿತ್ತು. ಅಷ್ಟರಲ್ಲಿ ಅವರ ಹೆಂಡತಿ ಅವರೆಕಾಯಿ ಮೊರ ಹಿಡಿದು ಒಳಗಿನಿಂದ ಬಂದು, “ಬಿರ್ನೆ ಮಾತು ಮುಗ್ಸಿ, ನನ್ ಧಾರಾವಾಹಿ ಶುರುವಾಯ್ತದೆ” ಎಂದರು.

ಏನಂತೆ ಎಂದರು ಸಾಹೇಬರು. “ನಮ್ಮ ಪರದೆ ತಾನಾಗೇ ಮಾತಾಡುತ್ತೆ ಅಂತಿದ್ದಾರೆ ಸಾರ್” ಎಂದೆ.

“ಆ ಹೆಂಗಸು?”

“ಅವರಿಗೆ ಇದು ಒಂದು ದಿನ ತಪ್ಪಿದರೂ ಆಗಲ್ವಂತೆ ಸಾರ್.”

ಸಾಹೇಬರು ಚಪ್ಪಾಳೆ ತಟ್ಟಿದರು. ಜೊತೆಗಿದ್ದವರೆಲ್ಲ ತಟ್ಟಿದರು. ಕನ್ನಡ ಬರುವ ಮ್ಯಾನೇಜರು ಮಾತ್ರ ಹಣೆಗೆ ಕೈ ಒತ್ತಿಕೊಂಡು ಕೂತಿದ್ದರು.

ಈಗ ಕಂಪನಿಯ ತಂತ್ರಕ್ಕೆ ‘ಹೊಣಕೆರೆ ಮಾದರಿ’ ಎಂದೇ ಹೆಸರು. ಎಲ್ಲ ತಾಲ್ಲೂಕಿಗೂ ಪರದೆಗಳು ಹೊರಟಿವೆ. ನನಗೊಂದು ಪ್ರಶಸ್ತಿಯನ್ನೂ ಕೊಟ್ಟರು. ನಾಚಿಕೆಯಿಂದ ತಲೆ ಎತ್ತಲಾಗದೆ ತೆಗೆದುಕೊಂಡೆ. ಅದನ್ನು ವಿನಯ ಅಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮೊನ್ನೆ ಆಲೆಮನೆ ಯಜಮಾನರೇ ಫೋನು ಮಾಡಿದ್ದರು. “ಸಾರ್, ಪುಕ್ಕಟೆ ಟೀವಿ ಕೊಡ್ತಿದ್ದೀರಂತೆ. ನಂಗೂ ಒಂದು ತಂದಾಕಿ. ಬೆಲ್ಲ ಕಟ್ಟಿಸಿ ಮಡಗಿವ್ನಿ, ಈ ಸಲ ಬಿಚ್ಚಾಕಿಲ್ಲ.”