ರಿಕ್ರೂಟ್ ಡಬ್ಬ ಡೊಮೇನ್ ಸೇರಿದ ಕಥೆ

ಕಂಪ್ಯೂಟರ್ ಸರಿಮಾಡಲು ಹೋದವನಿಗೆ ಕಂಪ್ಯೂಟರಿನಿಂದ ಆಗುವ ತೊಂದರೆ ಕಡಿಮೆ, ಅದರ ಸುತ್ತ ಕೂತಿರುವವರಿಂದ ಆಗುವುದೇ ಹೆಚ್ಚು. ಇದು ನನಗೆ ಹೋದ ಕಡೆಯೆಲ್ಲ ಆಗಿದೆ. ಅವುಗಳಲ್ಲಿ ಮೂರು ದಿನದ ಒಂದು ಕೆಲಸವನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ನಾನು ಹಿಂದೆ ಏನನ್ನೂ ಬರೆದವನಲ್ಲ. ಯಾರಿಗಾದರೂ ಅರ್ಥವಾಗದೆ ಹೋದೀತೆಂಬ ಹೆದರಿಕೆಗೆ ಕೆಲವು ಕಡೆ ಹೆಚ್ಚು ವಿವರಿಸಿದ್ದೇನೆ, ಗೊತ್ತಿರುವವರು ದಾಟಿಕೊಂಡು ಓದಬಹುದು.

ಮೊದಲು ನಾನು ಯಾರೆಂದು ಹೇಳಬೇಕು. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಶಿವಾಜಿನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಟೋನರ್ ತುಂಬುವ ಕೆಲಸ. ಟೋನರ್ ಎಂದರೆ ಲೇಸರ್ ಪ್ರಿಂಟರಿನ ಕಪ್ಪು ಪುಡಿ. ಅದು ಉಗುರಿನೊಳಗೆ ಹೋದರೆ ಸೋಪಿಗೂ ಬಗ್ಗುವುದಿಲ್ಲ. ಬಾಣಸವಾಡಿಯಲ್ಲಿ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆಗೆ ಕೈಹಾಕಿದೆ. ಹುಡುಗಿಯ ತಂದೆ ನನ್ನ ಬೆರಳನ್ನೇ ನೋಡಿ, "ಕಂಪ್ಯೂಟರ್ ಕೆಲಸ ಅಂದಿದ್ರು, ಗ್ಯಾರೇಜಾ?" ಅಂದರು. ಸಂಬಂಧ ಅಲ್ಲಿಗೇ ನಿಂತಿತು.

ನಮ್ಮ ಅಂಗಡಿಯ ಓನರಿಗೆ ಇದನ್ನು ಹೇಳಿಕೊಂಡೆ. ಅವರು ಒಂದು ದಪ್ಪ ಡಬ್ಬ ತಂದು ಮುಂದಿಟ್ಟರು. "ಹಲಸೂರಲ್ಲಿ ಆರ್ಕಿಟೆಕ್ಟ್ ಆಫೀಸಿದೆ. ಇದನ್ನ ಅವರ ಡೊಮೇನಿಗೆ ಸೇರಿಸು. ಶನಿವಾರ ಸಂಜೆ ಐದರೊಳಗೆ ಸೇರಿದ್ರೆ ನೀನು ನೆಟ್‌ವರ್ಕ್ ಸೆಕ್ಷನ್. ಐದು ದಾಟಿದ್ರೆ ಟೋನರೇ ಖಾಯಂ, ಇನ್ನೊಂದ್ ಸಲ ಬಾಯಿ ಬಿಡ್ಬೇಡ."

ಅವತ್ತು ಗುರುವಾರ.

೧. ಖಾಲಿ ಡಬ್ಬ

ಡಬ್ಬ ಎಂದರೆ ಏನೆಂದು ಹೇಳಿಬಿಡುತ್ತೇನೆ. ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕ್ ಇರುತ್ತವೆ, ಒಂದೊಂದಕ್ಕೂ ಮುಂದೆ ಮಿನುಗುವ ಒಂದು ಪುಟ್ಟ ದೀಪ. ನೆಟ್‌ವರ್ಕ್ ವೈರು ಚುಚ್ಚಿದರೆ ಆಫೀಸಿನವರೆಲ್ಲ ತಮ್ಮ ಫೈಲುಗಳನ್ನು ಅದರಲ್ಲಿ ಇಡಬಹುದು. ಮನೆಗೆ ಅಟ್ಟ ಇದ್ದಂತೆ. ಹೊಸದಾದ್ದರಿಂದ ಒಳಗೆ ಇನ್ನೂ ಒಂದು ಫೈಲೂ ಇರಲಿಲ್ಲ. ಅಂಗಡಿಯಲ್ಲೇ ನನ್ನ ವಾಚು ನೋಡಿ ಅದಕ್ಕೆ ತಾರೀಕು, ಟೈಮು ಸರಿಯಾಗಿ ಇಟ್ಟಿದ್ದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಎರಡು ಕೈಯಲ್ಲೂ ಅಪ್ಪಿಕೊಂಡು ಕೂತೆ. ಪಕ್ಕದಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡ ಅಜ್ಜಿಯೊಬ್ಬರು ಇದ್ದರು. ಪ್ರತಿ ಹಳ್ಳಕ್ಕೂ ನಾನು ಡಬ್ಬವನ್ನು ಎತ್ತಿ ಹಿಡಿಯುವುದನ್ನು ನೋಡಿ ನೋಡಿ ಕೇಳಿದರು.

"ಗಾಜಿನ ಸಾಮಾನೇನಪ್ಪ?"

"ಅಲ್ಲ ಅಜ್ಜಿ, ಸ್ಟೋರೇಜು. ಸಾಮಾನು ತುಂಬಿಡೋದು."

"ಏನ್ ತುಂಬಿದೆ?"

"ಏನೂ ಇಲ್ಲ. ಖಾಲಿ."

ಅಜ್ಜಿ ನನ್ನನ್ನೂ ಡಬ್ಬವನ್ನೂ ಒಂದು ಸುತ್ತು ನೋಡಿದರು. ಆಮೇಲೆ ಹಿಂದಿನ ಸೀಟಿನವರಿಗೆ ಹೇಳಿದರು: "ನಮ್ಮ ಮೊಮ್ಮಗನೂ ಹಿಂಗೇ. ಓದಿದ್ದು ಜಾಸ್ತಿ ಆಗ್ಬಿಡ್ತು."

೨. ಪದವಿ

ಆ ಆಫೀಸಿನ ಮ್ಯಾನೇಜರು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಎಲ್ಲರೂ ಸುಬೇದಾರ್ ಸಾರ್ ಎಂದೇ ಕರೆಯುತ್ತಿದ್ದರು. ನಾನು ಒಳಗೆ ಕಾಲಿಟ್ಟ ತಕ್ಷಣ ಅವರು ಗೋಡೆ ಗಡಿಯಾರ ತೋರಿಸಿದರು. "ಹತ್ತಕ್ಕೆ ಬರ್ತೀನಿ ಅಂದ್ರಿ. ಹತ್ತೂ ಹನ್ನೆರಡು." ಎರಡು ಕೈಯಲ್ಲೂ ಡಬ್ಬ ಇದ್ದುದರಿಂದ ನಾನು ವಾಚು ನೋಡಿರಲಿಲ್ಲ. ಕ್ಷಮಿಸಿ ಎಂದೆ. ನನ್ನ ಹಿಂದೆಯೇ ಡ್ರಾಫ್ಟ್ಸ್‌ಮನ್‌ಗಳು, ಅಂದರೆ ಕಟ್ಟಡದ ನಕ್ಷೆ ಬರೆಯುವವರು, ಆರು ಜನ ಒಟ್ಟಿಗೆ ಬಂದರು. ಸುಬೇದಾರ್ ಸಾರ್ ಹಾಜರಿ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಆರು ಗೆರೆ ಎಳೆದರು.

ಇನ್ನು ಡೊಮೇನ್. ಒಂದು ಆಫೀಸಿನ ಎಲ್ಲ ಕಂಪ್ಯೂಟರುಗಳೂ ಒಂದೇ ಸರ್ವರಿನ ಮಾತು ಕೇಳುವ ಏರ್ಪಾಡಿಗೆ ಡೊಮೇನ್ ಎನ್ನುತ್ತಾರೆ. ಅವಿಭಕ್ತ ಕುಟುಂಬ ಅಂದುಕೊಳ್ಳಿ. ಹೊಸದಾಗಿ ಸೇರುವ ಯಂತ್ರಕ್ಕೆ ಒಂದು ಹೆಸರು ಕೊಡಬೇಕು. ಈ ಆಫೀಸಿನಲ್ಲಿ ಸರ್ವರಿನ ಹೆಸರು ಕರ್ನಲ್. ಡ್ರಾಫ್ಟ್ಸ್‌ಮನ್‌ಗಳ ಕಂಪ್ಯೂಟರುಗಳು ಜವಾನ್ ಒಂದರಿಂದ ಜವಾನ್ ಆರು. ಪ್ರಿಂಟರು ಹವಾಲ್ದಾರ್, ಸದ್ದು ಜಾಸ್ತಿ ಮಾಡುತ್ತದೆ ಅಂತ.

"ಇದಕ್ಕೆ ಏನಿಡೋಣ ಸಾರ್? ಕ್ಯಾಪ್ಟನ್?" ಅಂದೆ.

"ಇವತ್ತು ಬಂದೋನಿಗೆ ಕ್ಯಾಪ್ಟನ್ನಾ? ರಿಕ್ರೂಟ್ ಅಂತ ಹಾಕಿ."

"ನಾಲ್ಕು ಡಿಸ್ಕ್ ಇದೆ ಸಾರ್ ಇದರಲ್ಲಿ."

"ನಾಲ್ಕು ಮೆಡಲ್ ಇರಲಿ. ಕೆಲಸ ಮಾಡಿ ತೋರಿಸ್ಲಿ, ಆಮೇಲೆ ಪ್ರಮೋಷನ್." ಹಾಗೆಂದು ನನ್ನ ಉಗುರು ನೋಡಿದರು. "ನಿಮ್ದು ಪರ್ಮನೆಂಟಾ?"

"ಶನಿವಾರ ಗೊತ್ತಾಗತ್ತೆ ಸಾರ್."

"ಹಾಗಾದ್ರೆ ಇಬ್ರೂ ರಿಕ್ರೂಟೇ. ಶುರು ಮಾಡಿ."

೩. ಎಲ್ಲರೂ ಗೋಡೆ ಕಡೆ

ಡೊಮೇನಿಗೆ ಸೇರಿಸಬೇಕಾದರೆ ಸರ್ವರಿನ ದೊಡ್ಡ ಪಾಸ್‌ವರ್ಡ್ ಬೇಕು. ಅದು ಸುಬೇದಾರ್ ಸಾರ್ ಒಬ್ಬರಿಗೇ ಗೊತ್ತಿರುವುದು. ಅವರು ಟೈಪ್ ಮಾಡುವಾಗ ಆಫೀಸಿನಲ್ಲಿದ್ದವರೆಲ್ಲ ಎದ್ದು ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಇದು ಅಲ್ಲಿನ ಪದ್ಧತಿ.

"ತಿರುಗಿ," ಅಂದರು. ಆರು ಡ್ರಾಫ್ಟ್ಸ್‌ಮನ್‌ಗಳೂ ತಿರುಗಿದರು. ನಾನೂ ತಿರುಗಿದೆ. ಅವರು ಒಂದೇ ಬೆರಳಲ್ಲಿ ಟೈಪ್ ಮಾಡುವವರು. ತಪ್ಪಬಾರದೆಂದು ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು ಒತ್ತುತ್ತಾರೆ. ಪಿಸುಮಾತು ಅಂದುಕೊಂಡಿದ್ದರು, ಆದರೆ ಪರೇಡ್ ಮೈದಾನದಲ್ಲಿ ಪಳಗಿದ ಗಂಟಲು. ಅವರ ಹಳೆಯ ಸೇನಾ ನಂಬರು ಮೊದಲಿನಿಂದ ಕೊನೆಯವರೆಗೆ ಗೋಡೆಗೆ ಬಡಿದು ನಮ್ಮ ಕಿವಿಗೆ ಬಂತು.

ಡಬ್ಬ ಒಪ್ಪಲಿಲ್ಲ. ಅವರು ಇನ್ನೊಮ್ಮೆ ಒತ್ತಿದರು. ಮತ್ತೆ ಒಪ್ಪಲಿಲ್ಲ.

ಗೋಡೆ ನೋಡುತ್ತಿದ್ದ ಹಿರಿಯ ಡ್ರಾಫ್ಟ್ಸ್‌ಮನ್ ತಾಳ್ಮೆ ಕಳೆದುಕೊಂಡರು. "ಸಾರ್, ಕೊನೇಲಿ ಸೊನ್ನೆ ಬಿಟ್ರಿ."

"ಹಾಂ, ಥ್ಯಾಂಕ್ಸ್," ಎಂದು ಸುಬೇದಾರ್ ಸಾರ್ ಸೊನ್ನೆ ಒತ್ತಿದರು. ಆಮೇಲೆ ಕುರ್ಚಿ ನಮ್ಮ ಕಡೆ ತಿರುಗಿದ ಸದ್ದು ಬಂತು. "ಯಾರ್ರೀ ಅದು ಹೇಳಿದ್ದು?"

ಯಾರೂ ತಿರುಗಿ ನೋಡಲಿಲ್ಲ. ತಿರುಗಿ ಅಂತ ಆರ್ಡರ್ ಇನ್ನೂ ಬಂದಿರಲಿಲ್ಲ.

೪. ಜ್ವರ

ಪಾಸ್‌ವರ್ಡ್ ಸರಿಯಾದ ಮೇಲೂ ಡಬ್ಬ ಸೇರಲಿಲ್ಲ. ಸೇರಲಾಗದು ಎಂದು ಮಾತ್ರ ಬರೆದು ಸುಮ್ಮನಾಗುತ್ತಿತ್ತು, ಕಾರಣ ಹೇಳುತ್ತಿರಲಿಲ್ಲ. ವೈರು ಬದಲಿಸಿದೆ. ಹೆಸರು ಅಳಿಸಿ ಮತ್ತೆ ಬರೆದೆ. ಮನೆಗೆ ಹೋದರೂ ಕಾಲು ನಿಲ್ಲಲಿಲ್ಲ, ಊಟದ ತಟ್ಟೆ ಹಿಡಿದೇ ಓಡಾಡಿದೆ. ಶುಕ್ರವಾರ ಬೆಳಿಗ್ಗೆ ಎಲ್ಲ ಅಳಿಸಿ ಡಿಸ್ಕುಗಳನ್ನು ಮೊದಲಿನಿಂದ ತಯಾರಿಸಲು ಹಾಕಿದೆ. ಅದಕ್ಕೆ ನಾಲ್ಕು ಗಂಟೆ ಬೇಕು, ಮಧ್ಯೆ ಕರೆಂಟು ತೆಗೆಯಬಾರದು. ಊಟ ಮುಗಿಸಿ ಬಂದು ನೋಡಿದರೆ ಡಬ್ಬ ಕತ್ತಲು. ಮೇಲೆ ಒಂದು ಕುಂಕುಮದ ಬೊಟ್ಟು, ಒಂದು ತುಂಡು ಕನಕಾಂಬರ.

ಆಫೀಸು ಗುಡಿಸುವ ಆಯಮ್ಮ ಪಕ್ಕದಲ್ಲೇ ಕೂತಿದ್ದರು. ರಾಯಚೂರು ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆ ರೂಮು.

"ಇದನ್ನ ಯಾರು ಆಫ್ ಮಾಡಿದ್ದು ಆಯಮ್ಮ?"

"ನಾನ ತಮ್ಮಾ. ಹೂವು ಏರ್ಸಾಕ ಹೋದ್ರ ಮೈ ಸುಡಾಕತ್ತಿತ್ತು. ನಾಕೂ ಕಣ್ಣು ಪಿಳಿಪಿಳಿ ಬಿಡಾಕತ್ತಿದ್ವು. ಮುಂಜಾನಿಂದ ದುಡದೈತಿ, ಒಂದೀಟು ಮಲಗ್ಲಿ ಅಂತ ಸ್ವಿಚ್ ಆರ್ಸಿದೆ."

ನನ್ನ ಕಣ್ಣುಗಳೂ ಆವಾಗ ಹಾಗೇ ಮಾಡುತ್ತಿದ್ದವು. ಓನರಿಗೆ ಫೋನ್ ಮಾಡಿದೆ. ಅವರು ಎಲ್ಲ ರೋಗಕ್ಕೂ ಕೇಳುವುದು ಒಂದೇ ಪ್ರಶ್ನೆ.

"ಆಫ್ ಮಾಡಿ ಆನ್ ಮಾಡಿದ್ಯಾ?"

"ಆಫ್ ಆಯಮ್ಮ ಮಾಡಿದ್ರು ಸಾರ್."

"ನೋಡು, ಅವರಿಗೆ ಹೊಳೆದದ್ದು ನಿನಗೆ ಹೊಳೀಲಿಲ್ಲ."

೫. ದಿನಾ ಹನ್ನೆರಡು

ಶುಕ್ರವಾರ ಮತ್ತೆ ನಾಲ್ಕು ಗಂಟೆ ಕಾದು ಡಿಸ್ಕುಗಳನ್ನು ತಯಾರಿಸಿದರೂ ಡಬ್ಬ ಸೇರಿರಲಿಲ್ಲ. ಶನಿವಾರ ನಿದ್ದೆ ಬಾರದೆ ಬೇಗ ಹೋಗಿ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ. ಸುಬೇದಾರ್ ಸಾರ್ ಬೀಗ ತೆಗೆದರು. ಸ್ವಲ್ಪ ಹೊತ್ತಿಗೆ ಆಯಮ್ಮ ಬಂದರು. "ಹನ್ನೆರಡು ನಿಮಿಷ ಲೇಟ್," ಎಂದು ಕೆಂಪು ಗೆರೆ ಎಳೆದು ಸುಬೇದಾರ್ ಸಾರ್ ಹೊರಗೆ ಹೊರಟರು. ತಿಂಗಳಿಗೊಮ್ಮೆ ಮಿಲಿಟರಿ ಕ್ಯಾಂಟೀನಿಗೆ ಹೋಗಿ ಮನೆ ಸಾಮಾನು ತರುವ ದಿನ ಅದು. ನಾಲ್ಕೂವರೆಗೆ ವಾಪಸು ಅಂದರು.

ಆಯಮ್ಮ ಪೊರಕೆ ಹಿಡಿದು ಗೊಣಗಿದರು. "ಬಾಜೂ ಸಾಲ್ಯಾಗ ಒಂಬತ್ತರ ಗಂಟಿ ಹೊಡೆಯೂ ಹೊತ್ತಿಗೆ ನಾನು ಹೊಸ್ತಿಲ ದಾಟಿರ್ತೀನಿ. ಈ ಯಪ್ಪಾ ದಿನಾ ಹನ್ನೆರಡು ನಿಮಿಷ ತಡ ಅಂತಾನ. ಖರೇನ ತಡ ಆಗಿದ್ರ ಒಂದಿನ ಐದು ಆಗಬೇಕು, ಒಂದಿನ ಇಪ್ಪತ್ತು ಆಗಬೇಕು. ದಿನಾ ಹನ್ನೆರಡ ಹೆಂಗ ಆಗತೈತಿ ತಮ್ಮಾ?"

ನಾನು ವಾಚು ನೋಡಿಕೊಂಡೆ. ಒಂಬತ್ತೂ ಐದು. ಗೋಡೆ ಗಡಿಯಾರದಲ್ಲಿ ಒಂಬತ್ತೂ ಹದಿನೇಳು. ಸರ್ವರಿನಲ್ಲೂ ಒಂಬತ್ತೂ ಹದಿನೇಳು.

ಇಲ್ಲಿ ಒಂದು ವಿಷಯ ವಿವರಿಸಲೇಬೇಕು. ಸರ್ವರಿನ ಟೈಮಿಗೂ ಸೇರಲು ಬಂದ, ಇಲ್ಲವೇ ಆಗಲೇ ಸೇರಿರುವ ಯಂತ್ರದ ಟೈಮಿಗೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಇವನು ಯಾರೋ ಮೋಸಗಾರ ಎಂದು ಸರ್ವರು ಬಾಗಿಲು ಹಾಕಿಕೊಳ್ಳುತ್ತದೆ. ಎರಡು ದಿನದಿಂದ ಆಗುತ್ತಿದ್ದುದು ಅಷ್ಟೇ. ಡಬ್ಬ ನಿಜ ಹೇಳುತ್ತಿತ್ತು, ಅದಕ್ಕೇ ಒಳಗೆ ಬಿಡುತ್ತಿರಲಿಲ್ಲ.

ಕಾರಣ ಸಿಕ್ಕಿತು, ಆದರೆ ಪಾಸ್‌ವರ್ಡ್ ಇರುವವರು ಕ್ಯಾಂಟೀನಿನ ಕ್ಯೂನಲ್ಲಿ. ನಾನು ಬಾಗಿಲಿಗೂ ಡಬ್ಬಕ್ಕೂ ಓಡಾಡುವುದನ್ನು ನೋಡಿ ಹಿರಿಯ ಡ್ರಾಫ್ಟ್ಸ್‌ಮನ್ ಅಂದರು: "ಪಾಸ್‌ವರ್ಡ್ ನಾನು ಹೇಳ್ಲಾ ಗುರು?"

"ಬೇಡ ಸಾರ್, ಅವರಿಗೆ ಗೊತ್ತಾದ್ರೆ."

"ಒಳ್ಳೇದು. ಹಾಗಾದ್ರೆ ಓಡಾಡಿ, ಶುಗರ್‌ಗೂ ಒಳ್ಳೇದು."

ಸುಬೇದಾರ್ ಸಾರ್ ಸಾಮಾನಿನ ಚೀಲದೊಂದಿಗೆ ನಾಲ್ಕೂವರೆಗೆ ಬಂದರು. ಅವರನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದೆ: "ಸಾರ್, ನಿಮ್ಮ ಸರ್ವರು ಹನ್ನೆರಡು ನಿಮಿಷ ಮುಂದಿದೆ."

ಅವರು ಆಚೆ ಈಚೆ ನೋಡಿದರು. "ನಾನೇ ಇಟ್ಟಿರೋದು. ಆರು ವರ್ಷ ಆಯ್ತು, ಯಾರಿಗೂ ಗೊತ್ತಿಲ್ಲ. ಸೈನ್ಯದಲ್ಲಿ ಎಲ್ಲದಕ್ಕೂ ಐದು ನಿಮಿಷ ಮುಂಚೆ ಇರಬೇಕು. ಇವರು ಸಿವಿಲಿಯನ್ಸು, ಅದಕ್ಕೇ ಹನ್ನೆರಡು."

"ಆದ್ರೂ ಎಲ್ರೂ ದಿನಾ ಹನ್ನೆರಡು ನಿಮಿಷ ಲೇಟ್ ಬರ್ತಾರಲ್ಲ ಸಾರ್?"

"ಇಟ್ಟಿರೋದಕ್ಕೆ ಹನ್ನೆರಡು. ಇಡದೇ ಹೋಗಿದ್ರೆ ಇಪ್ಪತ್ತನಾಲ್ಕು ಆಗ್ತಿತ್ತು."

೬. ಐದೂ ಏಳು

ಸರ್ವರಿನ ಟೈಮು ಮುಟ್ಟಲು ಅವರು ಒಪ್ಪಲಿಲ್ಲ. ಡಬ್ಬದ ಟೈಮನ್ನೇ ಹನ್ನೆರಡು ನಿಮಿಷ ಸುಳ್ಳು ಮಾಡಬೇಕೆಂದೂ, ಗುಟ್ಟು ಯಾರಿಗೂ ಹೇಳಬಾರದೆಂದೂ ನನ್ನಿಂದ ಮಾತು ತೆಗೆದುಕೊಂಡರು. ಮಾತು ಕೊಟ್ಟೆ. "ತಿರುಗಿ," ಅಂದರು. ತಿರುಗಿದೆವು. ಸೊನ್ನೆಯ ಸಮೇತ ಪಾಸ್‌ವರ್ಡ್ ಕೇಳಿಸಿತು. ಈ ಸಲ ಡಬ್ಬ ಸದ್ದಿಲ್ಲದೆ ಸೇರಿಕೊಂಡಿತು. ನನ್ನ ವಾಚಿನಲ್ಲಿ ಐದಕ್ಕೆ ಐದು ನಿಮಿಷ ಇತ್ತು. ಅಲ್ಲೇ ಒಂದು ಕುರ್ಚಿ ಎಳೆದು ಕೂತೆ.

ಸ್ವಲ್ಪ ಹೊತ್ತಿಗೆ ನಮ್ಮ ಓನರು ಬಂದರು. ಅವರು ವಾಚು ಕಟ್ಟುವುದಿಲ್ಲ, ಅವರ ಬೆವರಿಗೆ ವಾಚು ನಿಂತುಹೋಗುತ್ತದಂತೆ. ಸೀದಾ ಸರ್ವರಿನ ಪರದೆಯ ಮೇಲೆ ಬೆರಳಿಟ್ಟರು. ಯಾವ ಯಂತ್ರ ಯಾವಾಗ ಸೇರಿತೆಂದು ಅದರಲ್ಲಿ ತಾನಾಗಿಯೇ ದಾಖಲಾಗಿರುತ್ತದೆ.

"ಐದೂ ಏಳು. ನಾನು ಎಷ್ಟು ಅಂದಿದ್ದೆ?"

"ಐದು ಸಾರ್."

"ಸರಿ. ಸೋಮವಾರ ಎಂಟು ಟೋನರ್ ಕಾರ್ಟ್ರಿಡ್ಜ್ ತುಂಬೋದಿದೆ, ಬೇಗ ಬಾ."

ನಾನು ಸುಬೇದಾರ್ ಸಾರ್ ಮುಖ ನೋಡಿದೆ. ಅವರು ಚೀಲದಿಂದ ಒಂದು ಹಾರ್ಲಿಕ್ಸ್ ಬಾಟಲಿ ತೆಗೆದರು, ಮತ್ತೆ ಒಳಗಿಟ್ಟರು. ನಾನು ಮಾತು ಕೊಟ್ಟಿದ್ದೆ. ಬೆರಳುಗಳನ್ನು ನೋಡಿಕೊಂಡೆ, ಎರಡು ದಿನಕ್ಕೆ ಆಗಲೇ ಸ್ವಲ್ಪ ಬೆಳ್ಳಗಾಗುತ್ತಿದ್ದವು.

"ಓನರ್ ಸಾರ್," ಎಂದರು ಸುಬೇದಾರ್ ಸಾರ್ ಕೊನೆಗೆ, ಎದೆ ಸೆಟೆಸಿ. "ನಿಮ್ಮವನು ಟೈಮಿಗೆ ಮುಗಿಸಿದ್ದಾನೆ. ಈ ಆಫೀಸಿನ ಟೈಮು..." ಅಲ್ಲಿಗೆ ನಿಲ್ಲಿಸಿ ಗೋಡೆ ಗಡಿಯಾರ ನೋಡಿದರು. ಆರು ವರ್ಷದ ಗುಟ್ಟು, ಸುಲಭವಾಗಿ ಬರಲಿಲ್ಲ.

ಹಿರಿಯ ಡ್ರಾಫ್ಟ್ಸ್‌ಮನ್ ನಕ್ಷೆಯಿಂದ ತಲೆಯೆತ್ತದೆ ಪೂರ್ತಿ ಮಾಡಿದರು. "ಹನ್ನೆರಡು ನಿಮಿಷ ಮುಂದಿದೆ ಸಾರ್. ಸೇರಿದ್ದು ಐದಕ್ಕೆ ಐದು ನಿಮಿಷ ಇರೋವಾಗ."

ಉಳಿದ ಐವರೂ ತಲೆಯಾಡಿಸಿದರು.

ಸುಬೇದಾರ್ ಸಾರ್ ಕುರ್ಚಿಯಲ್ಲಿ ಕೂತರು. "ನಿಮಗೆಲ್ಲ ಗೊತ್ತಿತ್ತಾ?"

"ಮೊದಲನೇ ವಾರದಿಂದ ಸಾರ್."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳೋಕೆ ಮನಸ್ಸು ಬರಲಿಲ್ಲ. ನಾವು ಬರೋದು ನಮ್ಮ ವಾಚಿನ ಪ್ರಕಾರ, ಮನೆಗೆ ಹೋಗೋದು ನಿಮ್ಮ ಕಂಪ್ಯೂಟರಿನ ಪ್ರಕಾರ. ಯಾಕ್ ಸಾರ್ ಹಾಳು ಮಾಡೋದು?"

ಮೊದಲು ನಕ್ಕವರು ನಮ್ಮ ಓನರು. ಅವರು ನಗುವುದನ್ನು ನಾನು ಆವರೆಗೆ ನೋಡಿರಲಿಲ್ಲ. ನಗುತ್ತಲೇ ನನ್ನ ಬೆನ್ನು ತಟ್ಟಿ, ಕಾರ್ಟ್ರಿಡ್ಜ್ ಬೇರೆಯವನು ತುಂಬ್ತಾನೆ ಬಿಡು, ಅಂದರು.

ಸೋಮವಾರ ನೆಟ್‌ವರ್ಕ್ ಸೆಕ್ಷನ್‌ಗೆ ನನ್ನ ಹೆಸರಿನಲ್ಲಿ ಬಂದ ಮೊದಲ ಫೋನೇ ಹಲಸೂರಿನಿಂದ. ರಿಕ್ರೂಟ್ ಡಬ್ಬ ಡೊಮೇನಿನಿಂದ ಹೊರಗೆ ಬಿದ್ದಿದೆಯಂತೆ, ಯಾರಿಗೂ ಫೈಲು ತೆರೆಯುತ್ತಿಲ್ಲವಂತೆ. ಓಡಿಹೋದೆ. ಸುಬೇದಾರ್ ಸಾರ್ ಏನೂ ಗೊತ್ತಿಲ್ಲದವರಂತೆ ಪೇಪರ್ ಓದುತ್ತಿದ್ದರು. ಡ್ರಾಫ್ಟ್ಸ್‌ಮನ್‌ಗಳು ಆರು ಜನವೂ ಕೈಗೆ ಕಟ್ಟಿದ ವಾಚನ್ನೂ ಗೋಡೆಯನ್ನೂ ನೋಡುತ್ತ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ನಾನು ಇನ್ನೂ ಬ್ಯಾಗು ಇಳಿಸಿರಲಿಲ್ಲ. ಆಯಮ್ಮ ಪೊರಕೆ ನಿಲ್ಲಿಸಿ ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಈ ಸಲ ಹತ್ತೊಂಬತ್ತ್ ಇಟ್ಟಾನ ತಮ್ಮಾ."