ಫ್ರಿಜ್ಜಿಗೆ ಓಡಿದ ಕಷಾಯ

"ಆಟಿ ಅಮಾವಾಸ್ಯೆ. ಕಷಾಯ ಆಯಿತು. ಸೊಸೆ ಕುಡಿಯಲಿಲ್ಲ." ನನ್ನ ಹಳೆಯ ಡೈರಿಯಲ್ಲಿ ಆ ದಿನ ಬೆಳಿಗ್ಗೆ ಬರೆದದ್ದು ಇಷ್ಟೇ ಉಂಟು. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದ ಅತ್ತೆ, ಅದರಲ್ಲೇ ಪಿಎಚ್.ಡಿ. ಮಾಡುವ ಸೊಸೆ ಒಂದೇ ಫ್ರಿಜ್ಜು ಬಳಸುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

೧. ವೇಷ

ಸೊಸೆಯ ಸಂಶೋಧನೆ ನ್ಯಾನೋಝೈಮ್. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಆಕ್ಸೈಡ್ ಕಣಗಳು ದೇಹದ ಕಿಣ್ವಗಳ ಕೆಲಸ ಮಾಡುತ್ತವೆ. ಮಾಸ್ಕಿಗೆ ಬಳಿದರೆ ವೈರಸ್ಸಿನ ಹೊರಕವಚ ಹಾಳಾಗುತ್ತದಂತೆ. ಪಕ್ಕದ ಮನೆಯವಳಿಗೆ ವಿವರಿಸಿದೆ: "ಯಕ್ಷಗಾನದ ಸ್ತ್ರೀವೇಷದ ಹಾಗೆ. ಹೆಂಗಸಲ್ಲ, ಆದರೆ ಹೆಂಗಸಿನ ಕೆಲಸ ಮಾಡ್ತದೆ."

ಅವಳು ಪೇಪರ್ ಓದುತ್ತಿದ್ದ ನನ್ನ ಯಜಮಾನರನ್ನು ನೋಡಿದಳು. "ಅಣ್ಣನಿಗೂ ಒಂದು ವೇಷ ಕಟ್ಟಿಸಿ ಅಕ್ಕ, ಪಾತ್ರೆ ರಾಶಿ ಬಿದ್ದಿದೆ."

೨. ಒಂಟೆ

ನಮ್ಮ ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ, ಸೂರ್ಯ ಹುಟ್ಟುವ ಮೊದಲು ಕಷಾಯಕ್ಕೆಂದು ಪಾಲೆ, ಅಂದರೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದಲೇ ಕೆತ್ತಬೇಕು. ಕಬ್ಬಿಣ ತಾಗಬಾರದು. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೂ ಹೋಗದ ಆ ಕಷಾಯದ ಕಹಿಗೆ ಹೆದರುವ ಸೊಸೆ, "ಇವತ್ತು ಗೈಡ್ ಎದುರು ಪ್ರಯೋಗ ತೋರಿಸಬೇಕು ಅತ್ತೆ. ಸರಿ ಆಗದಿದ್ರೆ ಇನ್ನೊಂದು ವರ್ಷ ಎಳೀತದೆ" ಎಂದು ನುಣುಚಿಕೊಂಡಳು. ಅವಳ ಪಾಲನ್ನು ಬಾಟ್ಲಿಗೆ ತುಂಬಿಸಿ, "ಕಾಲೇಜಿನಲ್ಲಾದರೂ ಕುಡಿ" ಎಂದು ಫ್ರಿಜ್ಜಿನಲ್ಲಿಟ್ಟೆ. ಪಕ್ಕದಲ್ಲೇ ಅವಳ ಸ್ಯಾಂಪಲ್. ಅಂಥದ್ದೇ ಬಾಟ್ಲಿ, ಅಂಥದ್ದೇ ಕಂದು ಬಣ್ಣ. ನಾನು ದೇವರಕೋಣೆಯಲ್ಲಿದ್ದಾಗ ಅವಳು, ಕಷಾಯ ಬಿಟ್ಟು ಸ್ಯಾಂಪಲ್ ಎತ್ತಿಕೊಂಡೆ ಎಂದುಕೊಂಡು ವಾಮಂಜೂರಿನ ಕಾಲೇಜಿಗೆ ಓಡಿದಳು.

ಉಳಿದ ಬಾಟ್ಲಿಯನ್ನು ಯಜಮಾನರ ಕೈಗೆ ಕೊಟ್ಟೆ. "ಚೆಲ್ಲಬಾರದು, ನೀವೇ ಕುಡಿಯಿರಿ." ಕುಡಿಯದೆ, ಬಾಟ್ಲಿ ಹಿಡಿದುಕೊಂಡು ಮುಖ ಹಿಂಡುತ್ತಾ ಅವರು ಫ್ರಿಜ್ಜಿಗೆ ಒರಗಿ ನಿಂತರು. ಬಾಗಿಲಲ್ಲಿ ದುಬೈಯಿಂದ ಬಂದ ಒಂಟೆ ಮ್ಯಾಗ್ನೆಟ್.

"ಎಂತದು ಮಾರಾಯ್ತಿ! ನಿನ್ನ ಕಷಾಯ ಒಂಟೆಯ ಹತ್ತಿರ ಹೋಗ್ತಾ ಉಂಟು!"

೩. ಬೆಳ್ಳುಳ್ಳಿ

ಆಗಲೇ ಸೊಸೆಯ ಫೋನ್. ಕಣಗಳು ಕೆಲಸ ಮಾಡಿದರೆ ನೀಲಿಯಾಗಬೇಕಾದ ದ್ರಾವಣ, ಬಾಟ್ಲಿಯಿಂದ ಎಷ್ಟು ತೊಟ್ಟು ಹಾಕಿದರೂ ನೀಲಿಯಾಗಲಿಲ್ಲವಂತೆ. ಗೈಡ್ ಮೇಡಂ ಬಾಟ್ಲಿ ಮೂಸಿ ಕೇಳಿದರಂತೆ: "ನಿನ್ನ ಕಬ್ಬಿಣಕ್ಕೆ ಬೆಳ್ಳುಳ್ಳಿ ಒಗ್ಗರಣೆ ಯಾಕಮ್ಮಾ?"

ನಾನು ಆಟೋ ಹಿಡಿದು ನಿಜವಾದ ಬಾಟ್ಲಿ ತಲುಪಿಸಿದೆ. ಎರಡು ತೊಟ್ಟಿಗೇ ನೀಲಿ! ಮೇಡಂ ನಮ್ಮ ಊರಿನವರೇ. "ಆಟಿ ಕಷಾಯ ದಂಡ ಮಾಡ್ಲಿಕ್ಕಿಲ್ಲ" ಎಂದು ಲ್ಯಾಬಿನಿಂದ ಹೊರಗೆ ಬಂದು ಅರ್ಧ ತಾವು ಕುಡಿದು, ಉಳಿದದ್ದನ್ನು ಸೊಸೆಗೆ ಚಾಚಿದರು. "ಕುಡಿ. ಆಮೇಲೆ ರಿಪೋರ್ಟಿಗೆ ಸಹಿ."

ಒಟ್ಟು ಖರ್ಚು: ಹೋಗಿ ಬರಲು ಆಟೋಗೆ ಐನೂರು ರೂಪಾಯಿ. ತೊಗಟೆ ಧರ್ಮಕ್ಕೆ ಸಿಕ್ಕಿದ್ದು. ಸೊಸೆಗೆ ಅರ್ಧ ಬಾಟ್ಲಿ ಕಷಾಯ, ಅದೂ ಗೈಡ್ ಎದುರು, ಮೂಗು ಹಿಡಿಯದೆ.