ವೈಪರ್ ಮೋಟರಿನ ವಿಚಾರಣೆ

ನಮ್ಮ ಸೋದರಮಾವನ ಲಾರಿಗೆ ಕಿವಿ ಕೇಳಿಸುತ್ತದೆ! ಇದು ನನ್ನ ಮಾತಲ್ಲ, ಅವರದ್ದು. ಲಾರಿಗೆ ಏನು ಕೆಟ್ಟರೂ ಮೆಕ್ಯಾನಿಕ್ಕನ್ನು ತೋಳು ಹಿಡಿದು ಹುಣಸೆಮರದ ಆಚೆಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ವಿಷಯ ಹೇಳುತ್ತಾರೆ. "ಅದ್ರ ಮುಂದೆ ಆಡ್ಬಾರ್ದಪ್ಪ. ವಯಸ್ಸಾಗೈತೆ, ಮನ್ಸಿಗೆ ಹಚ್ಕೊಂಬುಡ್ತದೆ." ತಮಾಷೆಗೆ ಹೇಳುತ್ತಾರೆ ಅಂದುಕೊಂಡಿರಾ? ಮಾವ ತಮಾಷೆ ಮಾಡಿದ್ದನ್ನು ಕಂಡವರು ನಮ್ಮ ವಂಶದಲ್ಲೇ ಇಲ್ಲ. ನಾಮಕರಣಕ್ಕೆ ಬಂದರೂ ಅವರದು ನ್ಯಾಯ ತೀರಿಸಲು ಬಂದವರ ಮುಖವೇ. ಹೆಸರಿಡುವ ಮುನ್ನ ಮಗು ಅವರನ್ನು ನೋಡಿ ಅಳುತ್ತದೆ, ಆಮೇಲೆ ನಾವು ಹೆಸರಿಡುತ್ತೇವೆ.

ಅನುಗೊಂಡನಹಳ್ಳಿಯಿಂದ ಎರಡು ಮೈಲಿ ಒಳಗೆ ಅವರ ಊರು. ತೋಟದ ಕೋಸು, ಬೀನ್ಸು, ಅಕ್ಕಪಕ್ಕದವರ ರಾಗಿಹುಲ್ಲು, ಒಮ್ಮೊಮ್ಮೆ ಇಟ್ಟಿಗೆ, ಎಲ್ಲವನ್ನೂ ಆ ಲಾರಿಯೇ ಹೊರಬೇಕು. ಹೊರುವುದಕ್ಕೆ ಲಾರಿಯ ಅಭ್ಯಂತರವೇನಿಲ್ಲ, ಆದರೆ ಅದರ ಕ್ಯಾಬಿನ್ನಿಗೆ ಮಾವನ ಕಾನೂನೊಂದಿದೆ. ಕೆಲಸವಿಲ್ಲದವರು ಹತ್ತುವಂತಿಲ್ಲ! ಒಂದು ಸಲ ಅವರ ಮನೆಯಲ್ಲಿ ಉಳಿದಿದ್ದಾಗ ಬೆಳಿಗ್ಗೆ ನನಗೆ ಬಸ್ಸು ತಪ್ಪಿತು. ನಾನು ಹೊಸಕೋಟೆಯ ಶಾಲೆಯೊಂದರಲ್ಲಿ ಟೀಚರು, ಎಂಟೂಮುಕ್ಕಾಲಿಗೆ ಅಲ್ಲಿರಬೇಕು.

"ಮಾವ, ಲಾರೀಲಿ ಬರ್ಲಾ?"

"ಏನ್ ಕೆಲ್ಸ ಮಾಡ್ತೀಯ?"

"ಕೆಲ್ಸಾನಾ? ಕೂತ್ಕೋತೀನಿ, ಇನ್ನೇನು!"

"ಕೂತ್ಕೊಳೋಕೆ ಮನೇಲಿ ಜಗಲಿ ಐತಲ್ಲವ್ವ."

ಕಡೆಗೆ ಹಳೆಯ ಫ್ಯಾನ್ ಬೆಲ್ಟೊಂದನ್ನು ನನ್ನ ಕೈಗಿಟ್ಟು "ಹಿಡ್ಕೊ" ಅಂದರು. ಹೊಸಕೋಟೆಯವರೆಗೂ ಹಿಡಿದುಕೊಂಡೇ ಹೋದೆ. ಆ ದಿನ ನನ್ನ ಪಾಠಕ್ಕಿಂತ ನನ್ನ ಸೀರೆಯ ಮೇಲಿನ ಗ್ರೀಸನ್ನೇ ಮಕ್ಕಳು ಗಮನವಿಟ್ಟು ನೋಡಿದರು.

ಇಂಥ ಲಾರಿಯ ವೈಪರು ಮೂರು ಮಳೆಗಾಲದ ಹಿಂದೆ ನಿಂತುಹೋಯಿತು. ಯಾರಾದರೂ ಮೋಟರ್ ಬದಲಾಯಿಸುತ್ತಿದ್ದರು, ಅಲ್ಲವೇ? ಮಾವ ಬದಲಾಯಿಸಲಿಲ್ಲ. "ಮೋಟ್ರುದೇ ತಪ್ಪು ಅಂತ ಯಾರ್ ಹೇಳಿದ್ದು? ನೋಡ್ದೆ ಕಿತ್ತಾಕುದ್ರೆ ಪಾಪ ಅಲ್ವಾ?" ನೋಡಲು ಅವರಿಗೆ ಪುರಸೊತ್ತಿಲ್ಲ. ಲಾರಿಯ ಕ್ಲೀನರ್ ಅದೇ ತಿಂಗಳು ದೇವನಹಳ್ಳಿಯ ಕಡೆ ಕ್ಯಾಬ್ ಓಡಿಸಲು ಹೋಗಿಬಿಟ್ಟಿದ್ದ. ಮಳೆ ಮಾತ್ರ ತಪ್ಪದೆ ಬಂತು.

ಆಗ ಮುಂದೆ ಬಂದವರು ಮಾವನ ಹೆಂಡತಿ, ನಮ್ಮತ್ತೆ. "ನಾನ್ ಎಳೀತೀನಿ ಬುಡಿ" ಅಂದರು. ಮಾವ ಯೋಚಿಸಿ, ವೈಪರಿನ ಕಡ್ಡಿಗೆ ಒಂದು ಹಗ್ಗ ಕಟ್ಟಿ ಎಡಗಡೆಯ ಕಿಟಕಿಯಿಂದ ಒಳಗೆ ತಂದರು. ಬಲಗಡೆಗೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಬಿಗಿದರು. ಅತ್ತೆ ಹಗ್ಗ ಎಳೆದರೆ ವೈಪರು ಎಡಕ್ಕೆ, ಬಿಟ್ಟರೆ ಟ್ಯೂಬು ಅದನ್ನು ಬಲಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಅತ್ತೆ ಮಳೆಗಾಲದ ಪ್ರತಿ ಲೋಡಿಗೂ ಹತ್ತಿ ಕೂತರು. ಜೋರುಮಳೆಗೆ ಜೋರಾಗಿ, ತುಂತುರುಮಳೆಗೆ ನಿಧಾನವಾಗಿ ಎಳೆಯುತ್ತಿದ್ದರು. ಯಾವ ಕಂಪನಿಯ ವೈಪರಿಗೆ ಇಷ್ಟು ಬುದ್ಧಿ ಇದೆ, ಹೇಳಿ!

ಮೂರನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯ ಬಲ ಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲು ಕೈ ಎತ್ತಲಾಗದು, ಅಟ್ಟದ ಮೇಲಿನ ಡಬ್ಬ ಇಳಿಸಲಾಗದು. ಹಗ್ಗ ಮುಟ್ಟಿದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಮನೆಗೆ ಬಂದವರೇ ಮಾವ ಹಗ್ಗವನ್ನು ಬಿಚ್ಚಿ ಕೊಟ್ಟಿಗೆಗೆ ಎಸೆದರು. ಈ ವರ್ಷದ ಮೊದಲ ಮಳೆಯೊಳಗೆ ವೈಪರು ಸರಿಯಾಗಲೇಬೇಕಿತ್ತು. ಇಲ್ಲದಿದ್ದರೆ ಆ ಹೆಂಗಸು ನೋವು ನುಂಗಿಕೊಂಡು ಮತ್ತೆ ಹಗ್ಗಕ್ಕೆ ಕೈ ಹಾಕುತ್ತಾರೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಬೇಸಿಗೆ ರಜೆಗೆ ನಾನು ಹೋದಾಗ ವಿಚಾರಣೆ ಶುರುವಾಗಿತ್ತು. ಮಾವ ಎರಡು ವೈರು ಕಟ್ಟಿದ ಒಂದು ಸಣ್ಣ ಬಲ್ಬು ಹಿಡಿದಿದ್ದರು. ಅತ್ತೆ ಪಕ್ಕದಲ್ಲಿ ಎಡಗೈಯಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದರು. ಮಾವ ಒಂದೊಂದನ್ನೂ ಮುಟ್ಟಿ ಅತ್ತೆಗೆ ವಿವರಿಸುತ್ತಿದ್ದರು. "ಇದು ಫ್ಯೂಸು. ಇದನ್ನ ಕಿತ್ರೆ ಕರೆಂಟು ಇಲ್ಲೇ ನಿಂತೋಯ್ತದೆ. ಇದು ಸರ್ಯಾಗೈತೆ, ಬುಟ್ಬುಡು. ಇದು ಸ್ವಿಚ್ಚು. ಇದ್ರದ್ದೂ ತಪ್ಪಿಲ್ಲ." ಮೋಟರಿನ ತುದಿಗೆ ಬಲ್ಬು ಹಿಡಿದರೆ ಬೆಳಗಿತು. ಕರೆಂಟು ಬಾಗಿಲವರೆಗೆ ಬಂದಿದೆ, ಒಳಗಿನವರು ಏಳುತ್ತಿಲ್ಲ! ಆದರೂ ಮಾವ ಬಿಡಲಿಲ್ಲ. ಲಾರಿಯ ಮೈಗೆ ತಾಗುವ ಅರ್ಥಿಂಗ್ ವೈರನ್ನು ಉಜ್ಜಿದರು, ವೈಪರಿನ ಸರಳುಗಳನ್ನು ಬಿಚ್ಚಿ ಕೈಯಲ್ಲಿ ಆಡಿಸಿ ನೋಡಿದರು. ಮೂರನೆಯ ದಿನ ಮೋಟರನ್ನೇ ಇಳಿಸಿ ನೇರ ಬ್ಯಾಟರಿಗೆ ಕೊಟ್ಟರು. ಅದು ಒಂದು ಸಲ ಗೊರ್ ಎಂದು ಸುಮ್ಮನಾಯಿತು. ಬಿಚ್ಚಿದರೆ ಒಳಗೆಲ್ಲ ತುಕ್ಕು, ಕರೆಂಟು ದಾಟಿಸುವ ಕಾರ್ಬನ್ನು ಸವೆದು ಪುಡಿ.

"ಮೋಟ್ರುದೇ" ಎಂದರು ಮಾವ.

"ಇದನ್ನ ಮೂರು ವರ್ಷದ ಹಿಂದೆ ಊರೆಲ್ಲ ಹೇಳಿತ್ತು ಮಾವ!"

"ಊರು ಹೇಳಿತ್ತು. ಸಾಬೀತಾಗಿರ್ಲಿಲ್ಲ."

ಹೊಸ ಮೋಟರಿಗೆ ಹೊಸಕೋಟೆಗೆ ಹೋದೆವು. ಅಂಗಡಿಯ ಗಲ್ಲಾ ಮೇಲೇ ಬ್ಯಾಟರಿ ಇಡಿಸಿ, ಮೋಟರನ್ನು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಕಿವಿಯಿಟ್ಟು ಕೇಳಿದರು. ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಹೆಣ್ಣು ನೋಡೋಕೆ ಬಂದೌರೂ ಇಷ್ಟೊಂದು ನೋಡಲ್ಲ!"

"ನಾನೂ ನೋಡ್ಲಿಲ್ಲ. ಐದು ನಿಮ್ಷ ನೋಡಿದ್ದು. ಮೂವತ್ತು ವರ್ಷ ಆಯ್ತು, ಒಂದಿನ ನಿಂತಿಲ್ಲ. ನಿನ್ ಮೋಟ್ರಿಗೆ ಆ ಗ್ಯಾರಂಟಿ ಕೊಡ್ತೀಯ?"

ಅಂಗಡಿಯವನು ಆರು ತಿಂಗಳದ್ದು ಕೊಟ್ಟ.

ಮೋಟರ್ ಕೂರಿಸಿದ್ದಾಯಿತು. ಮೂರು ಬೋಲ್ಟು ಬಿಗಿದು, ವೈರು ಸೇರಿಸಿ, ವೈಪರಿನ ಕಡ್ಡಿಗಳನ್ನೂ ಸಿಕ್ಕಿಸಿದರು. ಕಡ್ಡಿ ಸಿಕ್ಕಿಸುವ ಮೊದಲು ಬರೀ ಮೋಟರನ್ನು ಒಂದು ಸಲ ಓಡಿಸಿ, ಅದು ತನ್ನ ಜಾಗದಲ್ಲಿ ನಿಲ್ಲುವಂತೆ ಮಾಡಬೇಕಂತೆ. ಇಷ್ಟೆಲ್ಲ ವಿಚಾರಣೆ ಮಾಡಿದ ಮಹಾನುಭಾವರು ಅದೊಂದನ್ನು ಮರೆತಿದ್ದರು. ಗಾಜಿನ ಮೇಲೆ ಬಗ್ಗಿ "ಹಾಕವ್ವ" ಎಂದರು. ನಾನು ಸ್ವಿಚ್ಚು ಹಾಕಿದೆ. ಕಡ್ಡಿ ಗಾಜು ದಾಟಿ ಹೊರಕ್ಕೆ ಬಂದು ಮಾವನ ಕೆನ್ನೆಗೆ ಛಟೀರೆಂದು ಬಾರಿಸಿತು! ಜಗಲಿಯಲ್ಲಿ ಕೂತವರೆಲ್ಲ ಉಸಿರು ಬಿಗಿಹಿಡಿದರು. ಮಾವ ಕೆನ್ನೆ ಸವರಿಕೊಂಡು ಗಂಭೀರವಾಗಿ ಹೇಳಿದರು. "ಶಕ್ತಿ ಐತೆ."

ಸಂಜೆಗೆ ಎಲ್ಲ ಸರಿಯಾಯಿತು. ಮಾರನೆಯ ಬೆಳಿಗ್ಗೆ ಹಾಕಿದರೆ ವೈಪರು ಅಲುಗಾಡಲಿಲ್ಲ! ನೋಡಿದರೆ ಫ್ಯೂಸಿನ ಜಾಗ ಖಾಲಿ. ಮಾವ ಇನ್ನೊಂದು ತಂದು ಹಾಕಿದರು. ಓಡಿತು. ಮರುದಿನ ಅದೂ ಮಾಯ. ಮೂರನೆಯದೂ ಮಾಯ. ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಹನ್ನೊಂದು ಜನ, ಯಾರ ಕಿತಾಪತಿ ಇದು? ಹಿಡಿದೇ ತೀರುತ್ತೇನೆಂದು ಬೆಳಗ್ಗೆ ಕಸ ಗುಡಿಸುವ ಹೊತ್ತಿಗೇ ಎದ್ದು ಲಾರಿಯ ಹತ್ತಿರ ಹೋದೆ. ಕ್ಯಾಬಿನ್ನಿನ ಬಾಗಿಲು ತೆರೆದಿತ್ತು. ಒಳಗೆ ಅತ್ತೆ ಬಗ್ಗಿ ಎಡಗೈಯಲ್ಲಿ ಫ್ಯೂಸು ಕೀಳುತ್ತಿದ್ದರು.

"ಅತ್ತೇ! ಏನಿದು? ಮತ್ತೆ ಹಗ್ಗ ಎಳೆದ್ರೆ ಕೈ ಹೋಗುತ್ತೆ ಅಂದಿಲ್ವಾ ಡಾಕ್ಟ್ರು?"

ಅತ್ತೆ ಬೆದರಿ ಮುದುಡಿದರು. ಆಮೇಲೆ ಅಲ್ಲೇ ಸೀಟಿನ ಮೇಲೆ ಕೂತುಬಿಟ್ಟರು. "ಒಳ್ಗೆ ಹನ್ನೊಂದು ಜನ ಕಣವ್ವ. ಬೆಳಗಿಂದ ಬೈಗಿನ್ಗಂಟ ಅನ್ನ ಹಾಕು, ಹಾಲು ಕಾಸು, ಅದ್ ಎಲ್ಲಿ, ಇದ್ ಎಲ್ಲಿ. ನಿಮ್ಮಾವ ನನ್ ಹತ್ರ ಎರಡು ಮಾತಾಡ್ಬೇಕು ಅಂದ್ರೆ ಇಲ್ಲೇಯ. ಇಲ್ಲಿ ನಾವ್ ಇಬ್ರೇ. ದಾರೀಲಿ ನಿಲ್ಸಿ ತಟ್ಟೆ ಇಡ್ಲಿ ಕೊಡಿಸ್ತಾರೆ. ಚಿಕ್ಕಂದಿನಾಗೆ ಅವ್ರವ್ವ ಸತ್ತಿದ್ದು ಹೆಂಗೆ ಅಂತ ಹೇಳಿದ್ದು ಇಲ್ಲೇ, ಮಳೇಲಿ. ಮನೇಲಿ ಆ ಮಾತು ಎತ್ತಿದ್ದೇ ಇಲ್ಲ. ಇನ್ ಮೇಲೆ ವೈಪ್ರು ತಾನೇ ಓಡ್ತದೆ. ನನ್ನ ಯಾಕವ್ವ ಕರೀತಾರೆ?"

ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಗಂಡನ ಪಕ್ಕದಲ್ಲಿ ಕೂರಲು ಅತ್ತೆ ಭುಜವನ್ನೇ ಕೊಡಲು ಸಿದ್ಧರಾಗಿದ್ದರು. ನನ್ನ ಕಾವೆಲ್ಲ ಇಳಿಯಿತು. ಆದರೂ ಸುಮ್ಮನಿರುವುದು ತಪ್ಪು ಅನ್ನಿಸಿ ತೋಟಕ್ಕೆ ಹೋಗಿ ಮಾವನಿಗೆ ಹೇಳಿಬಿಟ್ಟೆ. ಅವರು ಕೋಸಿನ ಸಾಲಿಗೆ ನೀರು ತಿರುಗಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದಲ್ನೇ ದಿನದಿಂದ. ಫ್ಯೂಸು ಸುಟ್ರೆ ಜಾಗದಲ್ಲೇ ಇರ್ತದೆ. ಎದ್ದು ನಡ್ಕಂಡು ಹೋಗಲ್ಲ."

"ಮತ್ತೆ ಅತ್ತೇನ ಕೇಳ್ಬಾರ್ದಾಗಿತ್ತಾ?"

"ಏನಂತ ಕೇಳ್ಲವ್ವ?" ಎಂದರು. ಗುದ್ದಲಿ ಹಿಡಿದ ಕೈ ಹಾಗೇ ನಿಂತಿತು. "ನನ್ಗೂ ಒಬ್ನೇ ಹೋಗೋಕೆ ಮನ್ಸಿಲ್ಲ. ಬಾ ಅಂತ ಸುಮ್ ಸುಮ್ನೆ ಕರ್ದು ಅಭ್ಯಾಸ್ವೂ ಇಲ್ಲ."

ಅಂದು ಮಾವ ಊಟಕ್ಕೂ ಏಳದೆ ಇನ್ನೊಂದು ಫ್ಯೂಸು ಹಾಕಿ, ಕ್ಯಾಬಿನ್ನಿನೊಳಗೆ ಮಲಗಿ ಏನೋ ವೈರು ಎಳೆಯುತ್ತಿದ್ದರು. ಮೂರು ಗಂಟೆಗೆ ಪೂರ್ವಕ್ಕೆ ಮೋಡ ಕಟ್ಟಿತು. ಹೊಸಕೋಟೆಗೆ ಬೀನ್ಸಿನ ಲೋಡು ಹೊರಡಬೇಕಿತ್ತು. ಮಾವ ಲಾರಿ ಸ್ಟಾರ್ಟ್ ಮಾಡಿ, ಅಡುಗೆಮನೆಯ ಕಿಟಕಿಯ ಕಡೆಗೆ ಎರಡು ಸಲ ಹಾರನ್ ಹೊಡೆದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಹತ್ತು" ಎಂದರು ಮಾವ.

"ನಾನ್ಯಾಕೆ? ಹೊಸ ಮೋಟ್ರು ಐತಲ್ಲ."

"ಸ್ವಿಚ್ಚು ನನ್ ಕೈಗೆ ಎಟುಕ್ತಿಲ್ಲ."

ನಾನು ಇಣುಕಿ ನೋಡಿದೆ. ವೈಪರಿನ ಸ್ವಿಚ್ಚು ಸ್ಟಿಯರಿಂಗಿನ ಹತ್ತಿರ ಇರಲಿಲ್ಲ. ಮಾವ ಅದನ್ನು ಕಿತ್ತು, ವೈರು ಉದ್ದ ಮಾಡಿ, ಎಡಗಡೆಯ ಸೀಟಿನ ಮುಂದೆ ಕೂರಿಸಿದ್ದರು. ಅದೂ ಮೇಲಲ್ಲ, ಮೊಣಕಾಲಿನ ಮಟ್ಟಕ್ಕೆ. ಕೈ ಎತ್ತಲಾಗದವರಿಗೂ ಸಿಗುವ ಹಾಗೆ.

ಅತ್ತೆ ಅದನ್ನು ನೋಡಿದರು. ಮಾವನ ಮುಖವನ್ನೂ ನೋಡಿದರು. ಮಾವ ಎದುರಿನ ರಸ್ತೆಯನ್ನೇ ದಿಟ್ಟಿಸುತ್ತಿದ್ದರು. ಅತ್ತೆ ಎಡಗೈ ಊರಿ ಹತ್ತಿ ಕೂತರು. ಲಾರಿ ಇನ್ನೂ ಅಂಗಳ ದಾಟಿರಲಿಲ್ಲ, ಮಳೆ ದಬದಬನೆ ಸುರಿಯಿತು. ಗಾಜೆಲ್ಲ ನೀರು, ಒಳಗೆ ಯಾರೂ ಕಾಣಿಸುತ್ತಿಲ್ಲ. ಲಾರಿ ಅಲ್ಲೇ ನಿಂತಿತು. ಜಗಲಿಗೆ ಓಡಿ ನಿಂತ ನನಗೆ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿನ ಮೇಲೆ ವೈಪರು ಒಂದು ಸಲ ಆಡಿತು. ಗಾಜಿನ ಹಿಂದೆ, ಮಾವ ಸ್ಟಿಯರಿಂಗ್ ಬಿಟ್ಟು ಅತ್ತೆಯ ಕಡೆಗೆ ತಿರುಗಿ ಮಾತಾಡುತ್ತಿದ್ದರು.